ಬ್ರಹ್ಮಾಂಡದ ಬಾಯಿಗೆ ನಿಂಬೆಹಣ್ಣು

ವ್ಯಾಕರಣವನ್ನು ಕ್ರಮವಾಗಿ ಕಲಿತವನಿಗೆ ಬ್ರಹ್ಮಾಂಡವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಲಾರದು ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಎರಡಕ್ಕೂ ನಿಯಮಗಳಿವೆ. ನಿಯಮಗಳಿರುವಲ್ಲಿ ನಾನಿದ್ದೇನೆ. ಹೊಸಪೇಟೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದ ಕಾಲದಲ್ಲಿ ನಾನು ಮಕ್ಕಳ ಉತ್ತರಪತ್ರಿಕೆಗಳನ್ನಷ್ಟೇ ಅಲ್ಲ, ಮುಖ್ಯೋಪಾಧ್ಯಾಯರ ಸುತ್ತೋಲೆಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಅವರಿಗೇ ಮರಳಿಸುತ್ತಿದ್ದೆ. ನಾನು ಸ್ವಯಂನಿವೃತ್ತಿ ಪಡೆದ ದಿನ ಅವರು ಮಾಡಿದ ವಿದಾಯ ಭಾಷಣದಲ್ಲಿ ನಿಜವಾದ ಸಂತೋಷವಿತ್ತು.

ನಿವೃತ್ತಿಯ ನಂತರ ನಮ್ಮ ಬೀದಿಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಗಣಿಯ ವ್ಯಾಪಾರ ಉಕ್ಕುತ್ತಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡಗಳು ಲಾರಿಗಳ ಮೇಲೆ ಕುಳಿತು ಸಮುದ್ರದ ಕಡೆಗೆ ಪ್ರಯಾಣ ಬೆಳೆಸಿದ್ದವು. ಹಿಂದೆ ಬಿದ್ದ ಕೆಂಪು ಧೂಳು ನಮ್ಮ ಪಾಲಿಗೆ ಉಳಿದಿತ್ತು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗಿರುತ್ತಿತ್ತು. ದೀಕ್ಷೆಯನ್ನು ಪಡೆಯದೆಯೇ ಊರಿನ ಅರ್ಧದಷ್ಟು ಗೃಹಸ್ಥರು ಸಂನ್ಯಾಸಿಗಳಂತೆ ಕಾಣುತ್ತಿದ್ದರು. ಮುದ್ರಣಾಲಯಕ್ಕೆ ಬರುವ ಆಮಂತ್ರಣಪತ್ರಿಕೆಗಳು ವರ್ಷದಿಂದ ವರ್ಷಕ್ಕೆ ದಪ್ಪನಾಗುತ್ತಿದ್ದವು. ಅವುಗಳಲ್ಲಿನ ಸಾಹುಕಾರರ ಬಿರುದುಗಳು ಉದ್ದನಾಗುತ್ತಿದ್ದವು. ಅವನ್ನೆಲ್ಲ ತಿದ್ದುವವನು ನಾನು. ತಪ್ಪನ್ನು ಕಂಡು ತಿದ್ದದೆ ಬಿಟ್ಟವನಲ್ಲ ಎಂಬ ಒಂದೇ ಒಂದು ಹೆಮ್ಮೆಯನ್ನು ಇಟ್ಟುಕೊಂಡು ಬದುಕಿದ್ದವನು.

ಹೀಗಿರುವಾಗ ಒಂದು ದಿನ ರೇಣುಕಾ ಮೇಡಂ ಮುದ್ರಣಾಲಯಕ್ಕೆ ಬಂದರು. ಕಂಪ್ಲಿಯವರು. ಹಿಂದೆ ನಮ್ಮ ಶಾಲೆಯಲ್ಲಿಯೇ ವಿಜ್ಞಾನ ಬೋಧಿಸುತ್ತಿದ್ದರು; ಈಗ ಯಶವಂತನಗರದ ದಾರಿಯಲ್ಲಿರುವ ಒಂದು ಹಳ್ಳಿಯ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ. ಆ ಶಾಲೆಗೆ ವಿಜ್ಞಾನದ ಕೊಠಡಿಯೆಂಬುದಿರಲಿಲ್ಲ. ಮಕ್ಕಳು ಪ್ರಯೋಗಗಳನ್ನು ರಸ್ತೆಯ ಪಕ್ಕದ ಜಗಲಿಯ ಮೇಲೆ ಮಾಡುತ್ತಿದ್ದರು. ಪ್ರತಿ ಲಾರಿ ಹೋದಾಗಲೂ ಗಾಜಿನ ಲೋಟಗಳೊಳಗೆ ಅದಿರಿನ ಧೂಳು ಇಳಿಯುತ್ತಿತ್ತು. ಯಾವುದಕ್ಕೆ ಯಾವುದನ್ನು ಬೆರೆಸಿದರೂ ದ್ರಾವಣ ಕೆಂಪಾಗುತ್ತಿದ್ದುದರಿಂದ ಆ ಶಾಲೆಯ ಮಕ್ಕಳಿಗೆ ರಸಾಯನಶಾಸ್ತ್ರದಲ್ಲಿ ಒಂದೇ ಉತ್ತರ ತಿಳಿದಿತ್ತು.

ಮೇಡಂ ಬಹಳ ದಿನಗಳಿಂದ ಆ ಭಾಗದ ಒಬ್ಬ ಗಣಿ ಸಾಹುಕಾರರ ಬೆನ್ನು ಬಿದ್ದಿದ್ದರಂತೆ. ಕೊನೆಗೆ ಅವರು ಶಾಲೆಗೆ ಬರಲು ಒಪ್ಪಿದ್ದರು. ಮಕ್ಕಳಿಂದ ಏನಾದರೂ ತೋರಿಸಿ, ಮನಸ್ಸಿಗೆ ಬಂದರೆ ಕೊಠಡಿಯನ್ನು ಕಟ್ಟಿಸಿಕೊಡುತ್ತೇನೆ ಎಂದಿದ್ದರು. ಮೇಡಂ ಆಗಲೇ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಕೊಠಡಿಯ ಗೆರೆ ಎಳೆಸಿ, ನಲ್ಲಿ ಎಲ್ಲಿ, ಮೇಜು ಎಲ್ಲಿ, ಕಿಟಕಿ ರಸ್ತೆಗೆ ಬೆನ್ನುಮಾಡಿ ಎಲ್ಲಿರಬೇಕು ಎಂಬುದನ್ನೂ ಗುರುತಿಸಿದ್ದರು. ನಮ್ಮಲ್ಲಿಗೆ ಬಂದದ್ದು ಆ ಸಮಾರಂಭದ ಆಮಂತ್ರಣವನ್ನು ಅಚ್ಚು ಹಾಕಿಸಲು.

"ಹತ್ತನೇ ಕ್ಲಾಸಿನ ಹುಡುಗ್ರು ಈ ವರ್ಷರ ಒಂದು ಬಾಗ್ಲಾ ಇರೋ ಕೋಣ್ಯಾಗ ಪ್ರಯೋಗ ಮಾಡ್ಬೇಕು ಅಂತ ಆಸೆ ಐತ್ರಿ ಸರ್," ಎಂದರು. "ಆದ್ರ ಅವರಿಗೆ ತೋರ್ಸಾಕ ನಮ್ಮಲ್ಲಿ ಏನೈತಿ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು.

ದುರದೃಷ್ಟವಶಾತ್ ಅದೇ ವಾರ, ಮಕ್ಕಳಿಗಾಗಿ ಯಾರೋ ಬರೆದ ಒಂದು ಕಿರುಹೊತ್ತಗೆಯ ಕರಡನ್ನು ನಾನು ತಿದ್ದಿ ಮುಗಿಸಿದ್ದೆ. ರೇಡಿಯೊ ದೂರದರ್ಶಕಗಳ ಮೂಲಕ ವಿಶ್ವದ ಅಧ್ಯಯನ, ಅದರ ವಿಷಯ. ನಕ್ಷತ್ರಗಳು ಬೆಳಕನ್ನಷ್ಟೇ ಅಲ್ಲ, ಕಣ್ಣಿಗೆ ಕಾಣದ ರೇಡಿಯೊ ಅಲೆಗಳನ್ನೂ ಸೂಸುತ್ತವೆ; ದೊಡ್ಡ ತಟ್ಟೆಗಳನ್ನು ಆಕಾಶಕ್ಕೆ ಒಡ್ಡಿ ಅವನ್ನು ಹಿಡಿಯಬಹುದು; ಮನೆಯ ಮೇಲಿನ ಟಿ.ವಿ. ಡಿಶ್ ಒಂದಿದ್ದರೆ ಶಾಲೆಯ ಮಕ್ಕಳೂ ಸೂರ್ಯನನ್ನು 'ಕೇಳಬಹುದು' ಎಂದು ಅದರಲ್ಲಿತ್ತು. ಆ ಹೊತ್ತಗೆಯ ಪ್ರತಿಯೊಂದು ಅಲ್ಪವಿರಾಮವೂ ನನ್ನ ಕೈಯಿಂದ ಹಾದುಹೋಗಿತ್ತು. ಕರಡನ್ನು ತಿದ್ದಿದವನಿಗೆ ವಿಷಯವೂ ಬಂದಂತೆಯೇ ಎಂದು ನಾನು ಭಾವಿಸಿದ್ದೆ. ರೇಡಿಯೊ ದೂರದರ್ಶಕವೊಂದನ್ನು ನಾನೇ ಸಿದ್ಧಪಡಿಸಿ ತಂದು ಸಾಹುಕಾರರಿಗೆ ತೋರಿಸುತ್ತೇನೆ ಎಂದು ಘೋಷಿಸಿದೆ.

ಮೇಡಂ ಕೇಳಿದರು: "ಸರ್, ನೀವು ಕನ್ನಡ ಮಾಸ್ತರಲ್ರೀ?"

ವಿಶ್ವಕ್ಕೆ ಬೋಧನಾ ಮಾಧ್ಯಮವಿಲ್ಲವೆಂದು ಉತ್ತರಿಸಿದೆ. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಒಪ್ಪಿದರು.

ನಮ್ಮ ಕೇರಿಗೆ ಕೇಬಲ್ ಕೊಡುವ ಬಾಷಾ ನನ್ನ ಹಳೆಯ ವಿದ್ಯಾರ್ಥಿ. ಅವನ ಅಂಗಡಿಯ ಹಿಂದೆ ಬಿದ್ದಿದ್ದ ಒಂದು ಸಣ್ಣ ಡಿಶ್ಶನ್ನೂ, ಡಿಶ್ ಸರಿಯಾದ ದಿಕ್ಕಿಗೆ ತಿರುಗಿದೆಯೇ ಎಂದು ನೋಡಲು ಅವರು ಬಳಸುವ ಅಂಗೈಯಗಲದ ಮೀಟರನ್ನೂ ಕೇಳಿದೆ. ಯಾವ ಚಾನಲ್ ಹಿಡಿಯಬೇಕು ಎಂದು ಕೇಳಿದ. ಆಕಾಶಗಂಗೆ ಎಂದೆ. ಅವನು ತಲೆ ಕೆರೆದುಕೊಂಡು, "ಅದು ತೆಲುಗು ಇರ್ಬೇಕ್ರಿ ಸರ, ನಮ್ಮ ಪ್ಯಾಕೇಜಿನ್ಯಾಗ ಬರಂಗಿಲ್ಲ," ಎಂದ.

ಯಂತ್ರದ ರಚನೆ ಸರಳ. ಅಗಲವಾದ ತಟ್ಟೆ, ಅದರಿಂದ ಮುಂದಕ್ಕೆ ಚಾಚಿದ ಒಂದು ತೋಳು, ತೋಳಿನ ತುದಿಯಲ್ಲಿ ತಟ್ಟೆಯ ಕಡೆಗೆ ಮುಖಮಾಡಿದ ಒಂದು ಬಾಯಿ. ಅಲೆಗಳು ತಟ್ಟೆಗೆ ಬಡಿದು ಬಾಯಿಗೆ ಬೀಳುತ್ತವೆ. ಬಾಯಿಗೆ ಬಿದ್ದದ್ದನ್ನು ಮೀಟರು ಅಳೆಯುತ್ತದೆ. ಹೆಚ್ಚು ಬಿದ್ದರೆ ಮುಳ್ಳು ಏಳುತ್ತದೆ, ಕುಂಯ್ ಎಂಬ ಧ್ವನಿಯೂ ಏರುತ್ತದೆ. ಬರಿದಾದ ಆಕಾಶಕ್ಕೆ ಹಿಡಿದರೆ ಮುಳ್ಳು ಮಲಗುತ್ತದೆ. ಸೂರ್ಯನಿಗೆ ಹಿಡಿದರೆ ಎದ್ದು ಕೂರುತ್ತದೆ. ಸೂರ್ಯನೊಬ್ಬನೇ ಅಲ್ಲ, ನೆಲ, ಮರ, ಮನುಷ್ಯ, ಹೀಗೆ ಮೈಯಲ್ಲಿ ಬಿಸುಪಿರುವ ಪ್ರತಿಯೊಂದೂ ಸ್ವಲ್ಪಮಟ್ಟಿಗೆ ಈ ಅಲೆಗಳನ್ನು ಸೂಸುತ್ತಲೇ ಇರುತ್ತದೆ. ಹೊತ್ತಗೆಯಲ್ಲಿ ಇದೂ ಇತ್ತು. ಈ ವಾಕ್ಯದಲ್ಲಿ ನಾನು ಒಂದು ಪ್ರತ್ಯಯವನ್ನು ತಿದ್ದಿದ್ದೆ.

ಮಾಳಿಗೆಯ ಮೇಲೆ ಮೊದಲ ದಿನದ ಪ್ರಯೋಗ ಅಮೋಘವಾಗಿ ನಡೆಯಿತು. ಸೂರ್ಯನಿಗೆ ಹಿಡಿದೆ; ಕುಂಯ್ ಎಂದಿತು. ಪಕ್ಕಕ್ಕೆ ಸರಿಸಿದೆ, ಸುಮ್ಮನಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಪದ್ಮಾ ಸಂಡಿಗೆ ಒಣಹಾಕಲು ಬಂದವಳು ಡಿಶ್ಶಿನ ಮುಂದೆ ಹಾದುಹೋದಳು. ಯಂತ್ರ ಜೋರಾಗಿ ಕೂಗಿತು. ತನ್ನನ್ನು ಕಂಡು ಇದು ಯಾಕೆ ಒದರುತ್ತದೆ ಎಂದು ಕೇಳಿದಳು. ಅವಳ ದೇಹದಿಂದಲೂ ರೇಡಿಯೊ ಅಲೆಗಳು ಹೊರಡುತ್ತಿರುವುದನ್ನೂ, ಯಂತ್ರವು ಅವನ್ನು ಕೇಳಿಸಿಕೊಳ್ಳುತ್ತಿರುವುದನ್ನೂ ವಿಶದವಾಗಿ ವಿವರಿಸಿದೆ.

"ಇಷ್ಟು ವರ್ಷ ನಾ ಅಂದದ್ದು ನಿಮಗ ಒಂದೂ ಕೇಳ್ಸಿಲ್ಲ," ಎಂದಳು ಪದ್ಮಾ. "ಇದಕ್ಕರ ಕೇಳಸ್ತದಲ್ಲ. ಇಲ್ಲೇ ಇರ್ಲಿ ಬಿಡ್ರಿ."

ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿತು. ಪಕ್ಕದ ಮನೆಯ ಸರೋಜಮ್ಮನವರು ಗೋಡೆಗೆ ಒರಗಿ ನಿಂತು ಬಹಳ ಹೊತ್ತು ನೋಡಿದರು. ಮಾಸ್ತರು ಸೂರ್ಯನಾರಾಯಣನಿಗೇ ಫೋನ್ ಹಚ್ಚಿದ್ದಾರೆ, ಎಂಥ ತಲೆ ಎಂದು ಹೊಗಳಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಮರುದಿನ ಯಂತ್ರ ಸತ್ತುಹೋಯಿತು!

ಸೂರ್ಯನಿಗೆ ಹಿಡಿದರೂ ಮುಳ್ಳು ಏಳಲಿಲ್ಲ. ನೆಲಕ್ಕೆ ಹಿಡಿದೆ, ಏಳಲಿಲ್ಲ. ಪದ್ಮಾಳನ್ನು ಕರೆದು ಮುಂದೆ ನಿಲ್ಲಿಸಿದೆ, ಅವಳಿಗೂ ಏಳಲಿಲ್ಲ. ನಾಳೆ ಬೆಳಿಗ್ಗೆ ಸಮಾರಂಭ. ಸ್ಕ್ರೂಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಕರಡನ್ನು ಮತ್ತೊಮ್ಮೆ ಓದಿದೆ, ಅದರಲ್ಲಿ ದೋಷವಿರಲಿಲ್ಲ. ಬಾಷಾ ಊರಲ್ಲಿರಲಿಲ್ಲ. ಆ ಹತಾಶ ಸ್ಥಿತಿಯಲ್ಲಿ, ಗೋಡೆಗೆ ಒರಗಿ ನಿಂತಿದ್ದ ಸರೋಜಮ್ಮನವರ ಕಣ್ಣುಗಳು ನನ್ನ ಮನಸ್ಸಿನಲ್ಲಿ ಮೂಡಿದವು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಕಡೆ ಲಾರಿಯಿರಲಿ, ಸೈಕಲ್ ಇರಲಿ, ಹೊಸದಾಗಿ ಬಂದ ಯಾವ ವಾಹನಕ್ಕೂ ಕಪ್ಪು ದಾರದಲ್ಲಿ ನಿಂಬೆಹಣ್ಣನ್ನು ಕಟ್ಟುವ ಪದ್ಧತಿ ಉಂಟು; ಕೆಟ್ಟ ಕಣ್ಣು ತಾಗದಿರಲಿ ಎಂದು. ನನ್ನ ಸ್ಕೂಟರಿಗೆ ಪದ್ಮಾ ಹಾಗೆ ಕಟ್ಟಿದ್ದಾಗ, ಅದನ್ನು ಬೀದಿಯಲ್ಲಿಯೇ ಬಿಚ್ಚಿ, ಮೂಢನಂಬಿಕೆಯನ್ನು ಕುರಿತು ಅವಳಿಗೂ ಸೇರಿದ್ದ ಜನರಿಗೂ ಪೀಠಿಕೆ, ವಿಷಯವಿಸ್ತಾರ, ಉಪಸಂಹಾರ ಸಹಿತವಾದ ಉಪನ್ಯಾಸ ನೀಡಿದ್ದವನು ನಾನು. ಅಂಥ ನಾನು ಆ ಸಂಜೆ ಬೆಕ್ಕಿನಂತೆ ಅಡುಗೆಮನೆಯನ್ನು ಹೊಕ್ಕು, ಒಂದು ನಿಂಬೆಹಣ್ಣನ್ನೂ ಹೊಲಿಗೆ ಪೆಟ್ಟಿಗೆಯಿಂದ ಕಪ್ಪು ದಾರವನ್ನೂ ಎತ್ತಿಕೊಂಡು ಮಾಳಿಗೆ ಏರಿದೆ.

ಎಲ್ಲಿ ಕಟ್ಟಬೇಕು? ಕಟ್ಟಬೇಕು, ಆದರೆ ಯಾರಿಗೂ ಕಾಣಬಾರದು. ಯಂತ್ರದ ಬಾಯೊಳಗೆ ಅದಿರಿನ ಧೂಳು ಇಳಿಯದಿರಲೆಂದು ನಾನು ಅದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕವುಚಿದ್ದೆ. ಅದನ್ನು ತೆಗೆದು, ನಿಂಬೆಹಣ್ಣನ್ನು ಸರಿಯಾಗಿ ಬಾಯಿಗೆ ಒತ್ತಿ ಕಟ್ಟಿ, ಡಬ್ಬಿಯನ್ನು ಮೊದಲಿನಂತೆ ಮುಚ್ಚಿದೆ. ಕಟ್ಟುವಾಗ ತೋಳನ್ನು ಎರಡು ಸಲ ಅಲುಗಾಡಿಸಿರಬೇಕು. ಎಲ್ಲಿಯೋ ಸಡಿಲವಾಗಿದ್ದ ತಂತಿ ಕೂಡಿಕೊಂಡಿರಬೇಕು. ಇದೆಲ್ಲ ಈಗಿನ ಜ್ಞಾನ. ಆಗ ನಾನು ಕಂಡದ್ದಿಷ್ಟೇ: ಹಣ್ಣನ್ನು ಕಟ್ಟಿದೆ, ಮುಳ್ಳು ಎದ್ದು ನಿಂತಿತು!

ಸರೋಜಮ್ಮನವರ ಮೇಲೆ ನನಗೆ ಭಯ ಬೆರೆತ ಗೌರವ ಹುಟ್ಟಿತು. ಯಂತ್ರವನ್ನು ಆರಿಸಿ, ಗೋಣಿಚೀಲದಲ್ಲಿ ಸುತ್ತಿಟ್ಟು, ನೆಮ್ಮದಿಯಿಂದ ಊಟ ಮಾಡಿದೆ.

ಮರುದಿನ ಸಂಡೂರಿನ ಬಸ್ಸಿನಲ್ಲಿ ಡಿಶ್ಶನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ರಯಾಣ ಮಾಡಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅದನ್ನು ತಟ್ಟಿ ನೋಡಿ, ಇಷ್ಟು ದೊಡ್ಡ ಹಂಚಿನಲ್ಲಿ ರೊಟ್ಟಿ ಸುಡುವುದಾದರೆ ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂದು ವಿಚಾರಿಸಿದರು. ಶಾಲೆಯಲ್ಲಿ ಶಾಮಿಯಾನ ಹಾಕಿತ್ತು. ಸುಣ್ಣದ ಗೆರೆಗಳ ನಟ್ಟನಡುವೆ, ಮುಂದೆ ಕೊಠಡಿ ಬರಬೇಕಾದ ಸ್ಥಳದಲ್ಲಿಯೇ, ನಾನು ಯಂತ್ರವನ್ನು ಸ್ಥಾಪಿಸಿದೆ. ಸಾಹುಕಾರರು ಬರುವುದು ಇನ್ನೂ ತಡವಿತ್ತು. ಒಮ್ಮೆ ಪರೀಕ್ಷಿಸೋಣವೆಂದು ಸೂರ್ಯನಿಗೆ ಹಿಡಿದೆ. ಕುಂಯ್. ಸರಿ. ಬರಿದಾದ ಆಕಾಶಕ್ಕೆ ತಿರುಗಿಸಿದೆ. ಆಗಲೂ ಕುಂಯ್. ಗುಡ್ಡದ ಕಡೆಗೆ, ನೆತ್ತಿಯ ಕಡೆಗೆ, ತೆಂಕಣ ಬಡಗಣ ಯಾವ ಕಡೆಗೆ ತಿರುಗಿಸಿದರೂ ಮುಳ್ಳು ಒಂದೇ ಜಾಗದಲ್ಲಿ ನೆಟ್ಟಗೆ ನಿಂತಿತ್ತು.

ಸಾಮಾನ್ಯನೊಬ್ಬ ಇದ್ದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಿದ್ದ. ನಾನು ಕರಡು ತಿದ್ದಿದವನು! ಹೊತ್ತಗೆಯ ಕೊನೆಯ ಅಧ್ಯಾಯ ನನ್ನ ಕಣ್ಣ ಮುಂದೆ ಬಂದಿತು. ಹಿಂದೆ ಇಬ್ಬರು ವಿಜ್ಞಾನಿಗಳು ತಮ್ಮ ರೇಡಿಯೊ ಯಂತ್ರವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಸಮನಾದ ಸದ್ದು ಕೇಳುತ್ತಿತ್ತಂತೆ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆಯೇ ಕಾರಣವೆಂದು ಶಂಕಿಸಿ ಅದನ್ನೆಲ್ಲ ತೊಳೆದರಂತೆ. ಸದ್ದು ಹೋಗಲಿಲ್ಲ. ಕೊನೆಗೆ ತಿಳಿದುಬಂದದ್ದೇನೆಂದರೆ, ಅದು ವಿಶ್ವವು ಹುಟ್ಟಿದ ಹೊತ್ತಿನ ಕಾವಿನ ಶೇಷ. ಎಲ್ಲ ದಿಕ್ಕುಗಳಿಂದಲೂ ಇಂದಿಗೂ ಸಮನಾಗಿ ಬರುತ್ತಿರುವ ಸೃಷ್ಟಿಯ ಆದಿನಾದ. ಅದನ್ನು ಕೇಳಿದ್ದಕ್ಕೆ ಅವರಿಗೆ ಜಗತ್ತಿನ ಅತಿದೊಡ್ಡ ಬಹುಮಾನ ದೊರೆಯಿತು.

ತಟ್ಟೆಯನ್ನು ಪರಿಶೀಲಿಸಿದೆ. ಅಂಚಿನಲ್ಲಿ ನಿಜವಾಗಿಯೂ ಒಂದು ಕಾಗೆಯ ಹಿಕ್ಕೆ ಇತ್ತು! ಕರವಸ್ತ್ರದಿಂದ ಒರೆಸಿದೆ. ಸದ್ದು ಹೋಗಲಿಲ್ಲ. ಇನ್ನು ಯಾವ ಸಂಶಯವೂ ಉಳಿಯಲಿಲ್ಲ.

ಬಾಯಿಗೆ ಕಟ್ಟಿದ್ದ ಹಣ್ಣಿನ ನೆನಪು ಆಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಆದರೆ ನಿಂಬೆಹಣ್ಣು ಶಾಸ್ತ್ರದ ವಿಷಯ, ಅಲೆಗಳು ವಿಜ್ಞಾನದ ವಿಷಯ. ಒಂದು ವಿಷಯದ ಪ್ರಶ್ನೆಗೆ ಇನ್ನೊಂದು ವಿಷಯದ ಪತ್ರಿಕೆಯಲ್ಲಿ ಉತ್ತರ ಬರೆಯುವುದನ್ನು ನಾನು ವೃತ್ತಿಜೀವನದುದ್ದಕ್ಕೂ ಖಂಡಿಸಿದ್ದೆ. ರಸ ತುಂಬಿದ ಬೆಚ್ಚಗಿನ ಹಣ್ಣೊಂದು ಬಾಯಿಗೇ ಅಡ್ಡ ಕುಳಿತರೆ, ತಟ್ಟೆ ಯಾವ ದಿಕ್ಕಿಗೆ ತಿರುಗಿದರೂ ಯಂತ್ರಕ್ಕೆ ಕೇಳುವುದು ಆ ಹಣ್ಣೊಂದೇ ಎಂಬುದು ನನಗೆ ಹೊಳೆಯಲೇ ಇಲ್ಲ.

ರೇಣುಕಾ ಮೇಡಂ ಹತ್ತಿರ ಓಡಿದೆ. ಕಾರ್ಯಕ್ರಮದಲ್ಲಿ ಬದಲಾವಣೆಯಿದೆ, ಇಂದು ಸೂರ್ಯನಂಥ ಸಾಮಾನ್ಯ ವಸ್ತುವನ್ನು ತೋರಿಸುವುದಿಲ್ಲ, ಸೃಷ್ಟಿಯ ಆದಿಯನ್ನೇ ಕೇಳಿಸುತ್ತೇನೆ ಎಂದೆ.

"ಸರ್, ಸೂರ್ಯ ಸಾಕ್ರಿ," ಎಂದರು ಮೇಡಂ. "ನಮಗ ಒಂದು ಕೋಣಿ ಆದ್ರ ಸಾಕು."

ನಾನು ಕೇಳಲಿಲ್ಲ.

ಸಾಹುಕಾರರು ಧೂಳೆಬ್ಬಿಸಿಕೊಂಡು ಬಂದರು. ದೊಡ್ಡ ಕಾರು, ಬಿಳಿ ಬಟ್ಟೆ, ಎರಡು ಕೈಗೆ ಎರಡು ಮೊಬೈಲು. ಜೊತೆಗೆ ಚೀಲ ಹಿಡಿದ ಮ್ಯಾನೇಜರು. ಮನುಷ್ಯ ಕೆಟ್ಟವರಲ್ಲ. ಕೆಲವೇ ವರ್ಷಗಳ ಹಿಂದೆ ತಾವೇ ಲಾರಿ ಓಡಿಸುತ್ತಿದ್ದುದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ಮಕ್ಕಳು ಪ್ರಾರ್ಥನೆ ಹಾಡಿದರು. ನಾನು ಧ್ವನಿವರ್ಧಕದ ಮುಂದೆ ನಿಂತು ಸೃಷ್ಟಿಯ ಆದಿಯಿಂದ ಪ್ರಾರಂಭಿಸಿದೆ. ಸಂಡೂರಿನ ಗುಡ್ಡಗಳು ಹುಟ್ಟುವುದಕ್ಕೂ ಮೊದಲಿನ, ಭೂಮಿ ಹುಟ್ಟುವುದಕ್ಕೂ ಮೊದಲಿನ, ಕಾಲವೇ ಕಣ್ಣು ತೆರೆಯುತ್ತಿದ್ದ ಕ್ಷಣದ ನಾದವನ್ನು ಈ ಶಾಲೆಯ ಅಂಗಳದಲ್ಲಿ ಈಗ ಆಲಿಸಲಿದ್ದೇವೆ ಎಂದೆ. ವಾಕ್ಯಗಳು ಒಂದರ ಹಿಂದೊಂದು ತೇರಿನಂತೆ ಬಂದವು.

ಮಧ್ಯೆ ಸಾಹುಕಾರರು ಕೈಯೆತ್ತಿ, ನೆಲದ ಒಳಗೆ ಅದಿರು ಎಲ್ಲಿದೆಯೆಂದು ಇದರಿಂದ ತಿಳಿಯುತ್ತದೆಯೇ ಎಂದು ಕೇಳಿದರು. ಇದು ಕೆಳಗೆ ನೋಡುವ ಯಂತ್ರವಲ್ಲ, ಮೇಲೆ ನೋಡುವ ಯಂತ್ರ ಎಂದು ತಿಳಿಸಿದೆ.

"ಮ್ಯಾಲಿಂದಕ್ಕ ಲೀಸ್ ಕೊಡೋರು ಯಾರ್ರೀ ಮಾಸ್ತರ?" ಎಂದರು.

ಮ್ಯಾನೇಜರು ಜೋರಾಗಿ ನಕ್ಕರು. ಅದು ಅವರ ಕೆಲಸ. ನಾನು ಯಂತ್ರವನ್ನು ಚಾಲೂ ಮಾಡಿದೆ. ಕುಂಯ್ ಎಂಬ ನಾದ ಧ್ವನಿವರ್ಧಕದಲ್ಲಿ ಮೊಳಗಿತು. ಎಲ್ಲ ದಿಕ್ಕಿಗೂ ತಿರುಗಿಸಿ ತೋರಿಸಿದೆ. ನಾದ ಕದಲಲಿಲ್ಲ. ಮಕ್ಕಳು ಬಾಯಿ ತೆರೆದು ಕುಳಿತಿದ್ದರು. ನನ್ನ ಕಣ್ಣುಗಳು ತೇವವಾದದ್ದನ್ನು ಇಲ್ಲಿ ದಾಖಲಿಸುತ್ತಿರುವುದು ಶಿಕ್ಷೆಯ ರೂಪದಲ್ಲಿ.

ಸಾಹುಕಾರರು ಎದ್ದು ಹತ್ತಿರ ಬಂದರು. ಡಬ್ಬಿಯ ಅಂಚಿನಿಂದ ಬೆರಳುದ್ದದ ಕಪ್ಪು ದಾರವೊಂದು ಹೊರಗೆ ಇಣುಕುತ್ತಿತ್ತು. ಬೇರೆ ಯಾರಿಗಾದರೂ ಅದು ಬರಿಯ ದಾರ. ಆದರೆ ಪ್ರತಿ ಅಮಾವಾಸ್ಯೆಗೆ ತಮ್ಮ ಅಷ್ಟೂ ಲಾರಿಗಳಿಗೆ ಮುಂದೆ ನಿಂತು ನಿಂಬೆಹಣ್ಣು ಕಟ್ಟಿಸುವವರಿಗೆ ಅದರ ಗುರುತು ಸಿಗದಿರುತ್ತದೆಯೇ? ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಡಬ್ಬಿ ಕಳಚಿತು. ಹಣ್ಣು ಅವರ ಅಂಗೈಗೆ ಬಂದು ಕುಳಿತಿತು.

ಮುಳ್ಳು ಮಲಗಿತು. ನಾದ ನಿಂತಿತು.

ಸೃಷ್ಟಿಯ ಆದಿ ಅಲ್ಲಿಗೆ ಮುಗಿಯಿತು.

"ಮಾಸ್ತರ," ಎಂದರು ಸಾಹುಕಾರರು, "ಇದು ನಿಂಬಿಹಣ್ಣು."

ಅದೊಂದು ಪೂರಕ ಸಾಮಗ್ರಿಯೆಂದು ಹೇಳಿದೆ. ಧ್ವನಿವರ್ಧಕ ಚಾಲೂ ಇದ್ದುದರಿಂದ ಆ ಉತ್ತರ ಊರಿಗೆಲ್ಲ ಕೇಳಿಸಿತು. ರೇಣುಕಾ ಮೇಡಂ ನೆಲ ನೋಡುತ್ತಿದ್ದರು. ಅವರ ಕಾಲಬುಡದಲ್ಲಿ ಸುಣ್ಣದ ಗೆರೆ ಇತ್ತು. ಅಷ್ಟಾದರೂ ನಾನು ಯಂತ್ರವನ್ನು ಸೂರ್ಯನಿಗೆ ಹಿಡಿದಿದ್ದರೆ ಸಾಕಾಗಿತ್ತು. ಅಡ್ಡಿ ಹೋಗಿತ್ತು, ಸೂರ್ಯ ನೆತ್ತಿಯ ಮೇಲೆಯೇ ಇದ್ದ. ಆದರೆ ನಾನು ಕಳಚಿದ ಡಬ್ಬಿಯನ್ನು ಎತ್ತಿಕೊಂಡು ಕರವಸ್ತ್ರದಿಂದ ಒರೆಸುತ್ತಿದ್ದೆ.

ಆಗ ಸಾಹುಕಾರರು ಒಳಗೆ ಇನ್ನೇನಿದೆಯೆಂದು ನೋಡಲು ತಟ್ಟೆಯ ಮುಂದೆ ಬಗ್ಗಿದರು. ಯಂತ್ರ ಕುಂಯ್ ಎಂದು ಕೂಗಿತು. ಅವರು ಬೆಚ್ಚಿ ಹಿಂದೆ ಸರಿದರು. ಸುಮ್ಮನಾಯಿತು. ಮತ್ತೆ ಮುಂದೆ ಬಂದರು. ಮತ್ತೆ ಕೂಗಿತು. ಅವರ ಮುಖ ಅರಳಿತು.

"ನನ್ನ ಗುರ್ತು ಹಿಡೀತೈತಲ್ರೀ ಇದು," ಎಂದರು ಮೆಲ್ಲಗೆ. "ದೃಷ್ಟಿ ತಗದ ಕೂಡ್ಲೆ ನನ್ನ ನೋಡಿ ಮಾತಾಡ್ತೈತಿ."

ಒಂದೇ ಒಂದು ವಾಕ್ಯ ಸಾಕಾಗಿತ್ತು. ಸಾಹುಕಾರರೇ, ಇದು ಯಾರು ನಿಂತರೂ ಕೂಗುತ್ತದೆ, ನನ್ನ ಹೆಂಡತಿಗೂ ಕೂಗಿದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವರ ಮುಖದಲ್ಲಿ ಸಂತೋಷವಿತ್ತು; ಆ ಸಂತೋಷದಲ್ಲಿ ನನಗೆ ಕೊಠಡಿ ಕಾಣಿಸಿತು. ಕೊಠಡಿಯ ಜೊತೆಗೆ ನನ್ನ ಮಾನವೂ ಕಾಣಿಸಿತು. ಸುಮ್ಮನಿದ್ದೆ. ಬರಿಯ ಮೌನವಾಗಿದ್ದರೆ ಹೇಗೋ ಕ್ಷಮಿಸಬಹುದಿತ್ತು. ಮ್ಯಾನೇಜರು ಕುತೂಹಲದಿಂದ ತಾವೂ ನಿಂತು ನೋಡುತ್ತೇನೆಂದು ಮುಂದೆ ಬಂದರು. ನಾನು ಅವರ ತೋಳು ಹಿಡಿದು ತಡೆದೆ. ಸಾಹುಕಾರರ ಹೊರತು ಬೇರೆ ಯಾರೂ ಯಂತ್ರದ ಮುಂದೆ ಬರತಕ್ಕದ್ದಲ್ಲ ಎಂದು ತರಗತಿಯ ಧ್ವನಿಯಲ್ಲಿ ಆಜ್ಞಾಪಿಸಿದೆ.

ಆ ಧ್ವನಿಗೆ ಮ್ಯಾನೇಜರು ಹೆದರಿದರು. ರೇಣುಕಾ ಮೇಡಂ ಹೆದರಲಿಲ್ಲ. ಅವರು ವಿಜ್ಞಾನ ಓದಿದವರು. ನನ್ನ ಮುಖವನ್ನೇ ನೋಡುತ್ತ ಒಂದು ಹೆಜ್ಜೆ ಮುಂದಿಟ್ಟರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಯಂತ್ರ ಅವರಿಗೂ ಕೂಗುತ್ತಿತ್ತು.

"ಮೇಡಂ," ಎಂದೆ ನಾನು, "ದಯವಿಟ್ಟು ಹಿಂದೆ ನಿಲ್ಲಿ."

ಅವರು ನಿಂತರು.

ಸಾಹುಕಾರರು ಚಪ್ಪಲಿ ಬಿಟ್ಟು ಯಂತ್ರಕ್ಕೆ ಕೈಮುಗಿದರು. ಆಮೇಲೆ ಸುತ್ತಲಿನ ಸುಣ್ಣದ ಗೆರೆಯನ್ನು ನೋಡಿ, ಇದೇನು ಎಂದು ಕೇಳಿದರು. ವಿಜ್ಞಾನದ ಕೊಠಡಿಯ ಗುರುತು ಎಂದು ಮೇಡಂ ಹೇಳಿದರು.

"ಕೋಣಿ ಇಲ್ಲಿ ಬ್ಯಾಡ್ರಿ ಮೇಡಂ," ಎಂದರು ಸಾಹುಕಾರರು, ಬಹಳ ಭಕ್ತಿಯಿಂದ. "ಜಾಗಾ ಭಾಳ ಜಾಗೃತ ಐತಿ. ಇಷ್ಟು ಓದಿದ ಮಾಸ್ತರಽ ನಿಂಬಿಹಣ್ಣು ಕಟ್ಯಾರಂದ್ರ ಸುಮ್ನ ಕಟ್ಟಿಲ್ಲ. ಇಲ್ಲಿ ಸರಸ್ವತಿ ಮಂಟಪ ಕಟ್ಟಸ್ತೀನಿ. ವಿದ್ಯಾ ತಾನಽ ಬರ್ತೈತಿ."

ಚಪ್ಪಾಳೆ ಬಿದ್ದಿತು. ಮ್ಯಾನೇಜರದು ಎಲ್ಲಕ್ಕಿಂತ ಜೋರಾಗಿತ್ತು.

ಬಸ್ಸಿಗೆ ಕಾಯುತ್ತಿದ್ದಾಗ ರೇಣುಕಾ ಮೇಡಂ ಡಿಶ್ಶಿನ ಇನ್ನೊಂದು ಅಂಚನ್ನು ಹಿಡಿದುಕೊಂಡು ನನ್ನ ಜೊತೆಗೆ ನಿಂತಿದ್ದರು. ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಮೇಡಂ ಕೇಳಿದರು:

"ನಾ ಮುಂದ ಬಂದಿದ್ರ ಮುಳ್ಳು ಏಳ್ತಿತ್ತಲ್ರೀ ಸರ್?"

"ಏಳುತ್ತಿತ್ತು."

"ಮತ್ಯಾಕ ತಡದ್ರಿ?"

"ಕೊಠಡಿಗಾಗಿ, ಮೇಡಂ."

ಅವರು ಶಾಲೆಯ ಕಡೆಗೆ ನೋಡಿದರು. "ಎಲ್ಲೈತ್ರಿ ಸರ್, ಆ ಕೋಣಿ?"

ಡಿಶ್ಶನ್ನು ಶಾಲೆಗೇ ಬಿಟ್ಟುಬಿಡುತ್ತೇನೆ, ಮೀಟರನ್ನೂ ಬಿಟ್ಟುಬಿಡುತ್ತೇನೆ, ಬಾಷಾನಿಗೆ ಅವುಗಳ ಬೆಲೆ ನಾನು ಕೊಡುತ್ತೇನೆ ಎಂದೆ. ಅವರು ಬೇಡವೆನ್ನಲಿಲ್ಲ. ಅವರ ಕೈಯಲ್ಲಿ ಅವನ್ನು ಕೊಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಪದ್ಮಾಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳು ಮೊದಲು ಸ್ಕೂಟರಿನ ನಿಂಬೆಹಣ್ಣಿನ ಉಪನ್ಯಾಸವನ್ನು ಪೀಠಿಕೆಯಿಂದ ಹಿಡಿದು ನನಗೇ ಒಪ್ಪಿಸಿದಳು. ಒಂದು ಪದವನ್ನೂ ಮರೆತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಮೇಡಮ್ಮನ ಮುಖ ಹ್ಯಾಂಗ ಆಗಿರ್ಬೇಕು," ಎಂದಳು. "ಮಂಟಪದ ಉದ್ಘಾಟನಾಕ್ಕ ನಿಮ್ಮನ್ನ ಕರೀತಾರಲ್ಲ, ಅಲ್ಲಿ ನಾಲ್ಕು ಮಂದಿ ಎದುರಿಗೆ ಖರೇ ಹೇಳಿ ಬರ್ರಿ. ಕೋಣಿ ಕೊಡೋದು ಬಿಡೋದು ಅವರಿಗೆ ಬಿಟ್ಟದ್ದು."

ಒಪ್ಪಿದೆ. ಕರೆ ಬಂದಿತು. ಸಾಹುಕಾರರ ಮನಸ್ಸಿಗೆ ನೋವಾಗದಂತೆ, ಸತ್ಯಕ್ಕೂ ಅಪಚಾರವಾಗದಂತೆ, ಸೂಕ್ತ ವಿಶೇಷಣಗಳೊಂದಿಗೆ ಒಂದು ಪರಿಪೂರ್ಣ ವಾಕ್ಯವನ್ನು ರಚಿಸಿದೆ. ಬಾಯಿಪಾಠ ಮಾಡಿದೆ. ಮಂಟಪದ ಮುಂದೆ ಧ್ವನಿವರ್ಧಕವನ್ನು ಹಿಡಿದು ಆರಂಭಿಸಿದೆ: "ಅಂದು ಮಾನ್ಯ ಸಾಹುಕಾರರು ಸಮ್ಮುಖದಲ್ಲಿ ನಿಂತ ಕೂಡಲೇ ಯಂತ್ರವು ಹೊರಡಿಸಿದ ಧ್ವನಿಯು, ಅವರ ತೇಜಸ್ಸನ್ನು ಕುರಿತು ನಮ್ಮೆಲ್ಲರ ಹೃದಯಗಳಲ್ಲಿ ಅಪಾರವಾದ ಪೂಜ್ಯಭಾವನೆಯನ್ನು ಮೂಡಿಸಿದುದು ಎಷ್ಟೇ ಸಹಜವಾಗಿದ್ದರೂ..."

ಇಲ್ಲಿಗೆ ಚಪ್ಪಾಳೆ ಬಂದಿತು. ಚಪ್ಪಾಳೆ ನಿಂತ ಮೇಲೆ "ವಾಸ್ತವದಲ್ಲಿ" ಎಂದೆ. ಅಷ್ಟರಲ್ಲಿ ಶಾಲು ಬಂದಿತು. ಸಾಹುಕಾರರು ತಾವೇ ಅದನ್ನು ನನಗೆ ಹೊದಿಸಿದರು. ಧ್ವನಿವರ್ಧಕ ಮ್ಯಾನೇಜರ ಕೈಗೆ ಹೋಯಿತು. ಸಣ್ಣದೊಂದು ವಾಕ್ಯವಾಗಿದ್ದರೆ ಮುಗಿದಿರುತ್ತಿತ್ತು. ನಾನು ಸಣ್ಣ ವಾಕ್ಯಗಳನ್ನು ಎಂದೂ ಗೌರವಿಸಿದವನಲ್ಲ. ಮಂಟಪದ ಕಲ್ಲಿನಲ್ಲಿ ಸಾಹುಕಾರರ ಹೆಸರಿನ ಕೆಳಗೆ 'ಪ್ರೇರಣೆ' ಎಂದು ಕೆತ್ತಿ ನನ್ನ ಹೆಸರನ್ನು ಹಾಕಿಸಿದ್ದರು.

ಕೆಲವು ತಿಂಗಳು ಆ ದಾರಿಯಲ್ಲಿ ಹೋಗುವ ಧೈರ್ಯ ಆಗಲಿಲ್ಲ. ಆಮೇಲೆ ಒಮ್ಮೆ ರೇಣುಕಾ ಮೇಡಂ ತಾವೇ ಹೇಳಿಕಳುಹಿಸಿದರು. ಹೋದೆ. ಮಂಟಪದಲ್ಲಿ ವಿಜ್ಞಾನದ ತರಗತಿ ನಡೆಯುತ್ತಿತ್ತು. ಜಗಲಿಗಿಂತ ಇದು ವಾಸಿ, ರಸ್ತೆಯ ಕಡೆಗೆ ಒಂದು ಗೋಡೆಯಾದರೂ ಇದೆ ಎಂದರು. ಬಾಗಿಲು ಮಾತ್ರ ಇರಲಿಲ್ಲ. ನಲ್ಲಿಯೂ ಇರಲಿಲ್ಲ. ಸರಸ್ವತಿಯ ಎದುರಾದ್ದರಿಂದ ಮಕ್ಕಳು ಚಪ್ಪಲಿಗಳನ್ನು ಹೊರಗೆ ಬಿಟ್ಟು ಕುಳಿತಿದ್ದರು. ನಾನೂ ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತೆ.

ಅದೇ ಡಿಶ್, ಅದೇ ಮೀಟರು. ಮೇಡಂ ಅದನ್ನು ಆಕಾಶಕ್ಕೆ ಹಿಡಿದರು; ಮುಳ್ಳು ಮಲಗಿತು. ಸೂರ್ಯನಿಗೆ ಹಿಡಿದರು, ಎದ್ದಿತು. ಗೋಡೆಗೆ ಹಿಡಿದರು, ಎದ್ದಿತು. ಎಷ್ಟು ಎದ್ದಿತೆಂಬುದನ್ನು ಮಕ್ಕಳು ಬರೆದುಕೊಂಡರು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ನಿಂತರು. ಪ್ರತಿಯೊಬ್ಬರಿಗೂ ಮುಳ್ಳು ಎದ್ದಿತು. ತಮ್ಮ ಮೈಯಿಂದಲೂ ಅಲೆಗಳು ಹೊರಡುತ್ತವೆಂದು ತಿಳಿದು ಅವರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಯಾರೂ ಯಾರನ್ನೂ ಹಿಂದೆ ನಿಲ್ಲಿ ಎನ್ನಲಿಲ್ಲ.

ಕೊನೆಗೆ ಮೇಡಂ ನನ್ನ ಕಡೆ ತಿರುಗಿ, "ಬರ್ರಿ ಸರ್, ನೀವೂ ನಿಲ್ರಿ," ಎಂದರು.

ನಿಂತೆ. ಮುಳ್ಳು ಎದ್ದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬರೆದುಕೊಂಡದ್ದನ್ನು ನೋಡಿ, ಗೋಡೆಗೆ ಎಷ್ಟೋ ಸರ್‌ಗೂ ಅಷ್ಟೇ ಎಂದು ಓದಿದಳು.

ಲೆಕ್ಕ ಸರಿಯಾಗಿತ್ತು, ತಿದ್ದಲು ಏನೂ ಇರಲಿಲ್ಲ. ಗೋಡೆಯೂ ಅಷ್ಟು ದಿನಗಳಿಂದ ಸುಮ್ಮನೆಯೇ ನಿಂತಿತ್ತು. ಆದರೆ ಅದಕ್ಕೆ ಯಾರೂ ಶಾಲು ಹೊದಿಸಿರಲಿಲ್ಲ.